ಸರ್ಪಗಂಧಿ: ಸಂತೆಯಲ್ಲಿ ಮಾರುತ್ತಿದ್ದ ಬೇರು ಬಿಪಿ ಮಾತ್ರೆಯಾದ ಕತೆ

ಇವತ್ತು ಯಾವ ಊರಿಗೆ ಹೋದರೂ ಬಿಪಿ ಮಾತ್ರೆ ನುಂಗುವವರು ಸಿಗುತ್ತಾರೆ. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿ, ತೋಳಿಗೆ ಪಟ್ಟಿ ಸುತ್ತಿಸಿಕೊಂಡು, ಮಾತ್ರೆ ತಂದು ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆ. ತಿಂಡಿಯಾದ ಮೇಲೆ ಒಂದು, ಅಲ್ಲಿಗೆ ಮುಗಿಯಿತು. ಆದರೆ ಎಂಬತ್ತು ವರ್ಷದ ಹಿಂದೆ ಈ ಕಾಯಿಲೆಗೆ ಜಗತ್ತಿನ ಅತಿ ದೊಡ್ಡ ಆಸ್ಪತ್ರೆಯಲ್ಲೂ ನಂಬಬಹುದಾದ ಮಾತ್ರೆ ಇರಲಿಲ್ಲ ಎಂದರೆ ನಂಬುತ್ತೀರಾ?

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಲೆನೋವು ಎಂದು ಹೇಳಿ ಕುರ್ಚಿಯಲ್ಲೇ ಕುಸಿದರು. ಡಾಕ್ಟರು ಬಿಪಿ ನೋಡಿದಾಗ 300ರ ಮೇಲೆ 190 ಇತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ಅವರಿಗೆ ಬಿಪಿ ಹೆಚ್ಚಿದೆ ಎಂದು ಡಾಕ್ಟರುಗಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮಾಡಲು ಹೆಚ್ಚೇನೂ ಇರಲಿಲ್ಲ. ಉಪ್ಪು ಕಡಿಮೆ ಮಾಡಿ, ಸಿಗರೇಟು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನಿದ್ದೆಗೆ ಒಂದು ಮಾತ್ರೆ, ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. ಆ ಡಿಜಿಟಾಲಿಸ್ ಕೂಡ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಒಂದು ಹೂಗಿಡದಿಂದಲೇ ಬಂದದ್ದು.

ಅದೇ ಹೊತ್ತಿಗೆ ನಮ್ಮ ಬಿಹಾರದ ಸಂತೆ ಬೀದಿಗಳಲ್ಲಿ ಬೂದುಗಂದು ಬಣ್ಣದ, ಹಾವಿನಂತೆ ಸೊಟ್ಟಗಿರುವ ಒಂದು ಒಣಬೇರನ್ನು ಮಾರುತ್ತಿದ್ದರು. ಡೆಹ್ರಾಡೂನಿನ ಒಂದು ಸಣ್ಣ ಕಂಪನಿ ಅದೇ ಬೇರಿನಿಂದ ಮಾಡಿದ ಮಾತ್ರೆಯನ್ನು ಮಾರಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಆ ಬೇರು ರೂಸ್‌ವೆಲ್ಟ್ ಅವರನ್ನು ಉಳಿಸುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ತೀರಿಕೊಂಡು ಹತ್ತು ವರ್ಷವಾಗುವುದರೊಳಗೆ ಅಮೆರಿಕದ ಡಾಕ್ಟರುಗಳು ಬಿಪಿಗೆ ಬರೆಯುತ್ತಿದ್ದ ಮಾತ್ರೆ ಅದೇ ಬೇರಿನದು.

ಆ ಬೇರಿನ ಹೆಸರು ಸರ್ಪಗಂಧಿ.

ಯಾವುದು ಈ ಗಿಡ?

ಕನ್ನಡದಲ್ಲಿ ಸರ್ಪಗಂಧಿ, ಸರ್ಪಗಂಧ, ಸೂತ್ರನಾಭಿ ಎಂದೆಲ್ಲ ಹೆಸರಿದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಕರಾವಳಿಯ ಕಾಡಂಚಿನಲ್ಲಿ ನೆರಳು ಮತ್ತು ತೇವ ಇರುವ ಕಡೆ ಬೆಳೆಯುತ್ತದೆ. ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ. ಗೆಣ್ಣಿಗೆ ಸಾಮಾನ್ಯವಾಗಿ ಮೂರು ಮೂರು ಎಲೆ. ಬಿಳಿ ಹೂ, ತೊಟ್ಟು ಮಾತ್ರ ಕೆಂಪು. ಹಣ್ಣು ಮಾಗಿದಾಗ ಕಡುನೇರಳೆ, ಕಪ್ಪು ಎನ್ನುವಷ್ಟು. ಬೇರನ್ನು ನಾಲಿಗೆಗೆ ಮುಟ್ಟಿಸಿದರೆ ವಿಪರೀತ ಕಹಿ.

ಬಯಲುಸೀಮೆಯವರು ಇಲ್ಲಿ ಸ್ವಲ್ಪ ಹುಷಾರು. ನಿಮ್ಮ ಬೇಲಿಯಲ್ಲಿ, ಪಾಳುಬಿದ್ದ ಜಾಗದಲ್ಲಿ ಕಾಣುವ, ಗೆಣ್ಣಿಗೆ ನಾಲ್ಕು ಎಲೆ ಬಿಡುವ, ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣಿನ ಗಿಡವನ್ನೂ ಕೆಲವರು ಸರ್ಪಗಂಧಿ ಎನ್ನುತ್ತಾರೆ. ಅದು ಇದೇ ಕುಲದ್ದೇ, ಆದರೆ ಬೇರೆ ಗಿಡ. ಅಮೆರಿಕ ಖಂಡದ ಕಡೆಯಿಂದ ಬಂದು ನಮ್ಮಲ್ಲಿ ಬೇರೂರಿದ್ದು. ಗ್ರಂಥಿಗೆ ಅಂಗಡಿಗೆ ಬರುವ ಬೇರಿನಲ್ಲಿ ಇದನ್ನು ಬೆರೆಸುವುದೂ ಉಂಟು.

ಗಿಡದ ವಿಜ್ಞಾನದ ಹೆಸರು ರಾವುಲ್ಫಿಯಾ ಸರ್ಪೆಂಟೈನಾ. ಈ ಹೆಸರಿನದ್ದೇ ಒಂದು ತಮಾಷೆ. 16ನೇ ಶತಮಾನದಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಲಿಯೊನ್‌ಹಾರ್ಡ್ ರಾವುಲ್ಫ್ ಎಂಬ ಡಾಕ್ಟರಿದ್ದರು. ಗಿಡಮೂಲಿಕೆ ಹುಡುಕಿಕೊಂಡು ಸಿರಿಯಾ, ಇರಾಕ್ ಕಡೆಯೆಲ್ಲ ತಿರುಗಿದವರು. ಭಾರತಕ್ಕೆ ಬರಲೇ ಇಲ್ಲ. ಅವರು ಸತ್ತು ನೂರು ವರ್ಷ ಕಳೆದ ಮೇಲೆ, 1703ರಲ್ಲಿ, ಚಾರ್ಲ್ಸ್ ಪ್ಲೂಮಿಯೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞರು ಗೌರವಕ್ಕೆಂದು ಈ ಕುಲಕ್ಕೆ ಅವರ ಹೆಸರಿಟ್ಟರು. ಗಿಡವನ್ನು ಕಣ್ಣಲ್ಲೂ ನೋಡದವರ ಹೆಸರು ಗಿಡಕ್ಕೆ ಅಂಟಿತು. ಈ ಬೇರಿನ ಗುಣ ಮೊದಲು ಕಂಡುಕೊಂಡವರ ಹೆಸರು ಎಲ್ಲೂ ಇಲ್ಲ. ಮುಂದೆ ಓದುತ್ತಾ ಇದನ್ನು ನೆನಪಿನಲ್ಲಿಡಿ.

ಹಾವು, ಮುಂಗುಸಿ ಮತ್ತು ಗೋವಾದ ಡಾಕ್ಟರು

ನಮ್ಮ ಪಕ್ಕದ ಗೋವಾದಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯರಿದ್ದರು. ಈ ದೇಶದ ಮದ್ದುಗಳ ಬಗ್ಗೆ 1563ರಲ್ಲಿ ಗೋವಾದಲ್ಲೇ ಒಂದು ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ಹಾವಿನ ವಿಷಕ್ಕೆ ಬಳಸುವ ಬೇರುಗಳ ಮಾತು ಬರುತ್ತದೆ. ಮುಂಗುಸಿ ನಾಗರಹಾವಿನ ಜೊತೆ ಕಾದಾಡುವ ಮೊದಲು ಒಂದು ಗಿಡವನ್ನು ಕಚ್ಚಿ ಬರುತ್ತದೆ ಎಂಬ ಕತೆಯೂ ಇದೆ. ಅವರು ಹೇಳಿದ ಬೇರುಗಳಲ್ಲಿ ಒಂದು ಸರ್ಪಗಂಧಿಯೇ ಎಂದು ಬಲ್ಲವರು ಗುರುತಿಸುತ್ತಾರೆ. ಮುಂಗುಸಿಯ ಕತೆಯನ್ನು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಈಗಲೂ ಕೇಳಬಹುದು.

ಹಳೆಯ ಆಯುರ್ವೇದ ಗ್ರಂಥಗಳಲ್ಲೂ ಸರ್ಪಗಂಧಾ, ನಾಕುಲಿ ಎಂಬ ಹೆಸರುಗಳು ಹೆಚ್ಚಾಗಿ ವಿಷದ ಚಿಕಿತ್ಸೆಯ ಜೊತೆಗೇ ಬರುತ್ತವೆ. ಅವು ಇದೇ ಗಿಡವೇ ಎಂಬುದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ.

ಕತೆ ಇಲ್ಲಿ ಒಂದು ನಿಮಿಷ ನಿಲ್ಲಲಿ, ಯಾಕೆಂದರೆ ಇದು ಜೀವದ ಪ್ರಶ್ನೆ. ಹೆಸರಿನಲ್ಲಿ ಸರ್ಪ ಇದೆ ಎಂದು ಹಾವು ಕಚ್ಚಿದವರಿಗೆ ಈ ಬೇರು ಅರೆದು ಕುಡಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಈ ಬೇರು ಹಾವಿನ ವಿಷವನ್ನು ಇಳಿಸುವುದಿಲ್ಲ. ಕುಡಿದವರು ಬದುಕಿಕೊಂಡ ಉದಾಹರಣೆ ನಿಮ್ಮೂರಲ್ಲೂ ಇರಬಹುದು. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಬೇರು ಕುಡಿಯದಿದ್ದರೂ ಬದುಕುತ್ತಿದ್ದರು. ಮಂಡಲದ ಹಾವು ಕಚ್ಚಿದಾಗ ಮೊದಲೇ ಬಿಪಿ ಕುಸಿಯುವ ಅಪಾಯವಿರುತ್ತದೆ. ಅದರ ಮೇಲೆ ಬಿಪಿ ಇಳಿಸುವ ಬೇರು ಕೊಟ್ಟರೆ ಏನಾದೀತು ಎಂದು ನೀವೇ ಯೋಚಿಸಿ. ಹಾವಿನ ವಿಷಕ್ಕೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಇಂಜೆಕ್ಷನ್ ಒಂದೇ. ಬೇರು ಹುಡುಕುತ್ತಾ ಕಳೆಯುವ ಅರ್ಧ ಗಂಟೆಯಲ್ಲಿ ಗಾಡಿ ಆಸ್ಪತ್ರೆಯ ಹಾದಿಯಲ್ಲಿರಬೇಕು.

ಹಾಗಾದರೆ ಈ ಬೇರಿನ ನಿಜವಾದ ಗುಣ ಯಾರಿಗೆ ಗೊತ್ತಿತ್ತು?

ಹುಚ್ಚಿನ ಮದ್ದು

ಬಿಹಾರದಲ್ಲಿ ಇದಕ್ಕೆ ಜನ ಇಟ್ಟ ಹೆಸರು ಪಾಗಲ್ ಕಿ ದವಾ. ಅಂದರೆ ಹುಚ್ಚಿನ ಮದ್ದು. ಮಾನಸಿಕ ಕಾಯಿಲೆಯಿಂದ ಕೂಗಾಡುವವರಿಗೆ, ರಾತ್ರಿಯಿಡೀ ನಿದ್ದೆಯಿಲ್ಲದೆ ಒದ್ದಾಡುವವರಿಗೆ ಬೇರಿನ ಪುಡಿ ಕೊಡುತ್ತಿದ್ದರು. ಆ ಕಾಲಕ್ಕೆ ಅಂಥವರನ್ನು ಮನೆಯಲ್ಲಿ ಕಂಬಕ್ಕೆ ಕಟ್ಟಿಹಾಕುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ಮಾತ್ರವಲ್ಲ, ಯುರೋಪಿನಲ್ಲೂ ಕತೆ ಅದೇ. ಅಂಥ ಕಾಲದಲ್ಲಿ ಬಿಹಾರದ ಮೂಲಿಕೆ ಮಾರುವವರು, ಹಳ್ಳಿಯ ವೈದ್ಯರು ಮತ್ತು ಹಕೀಮರ ಕೈಯಲ್ಲಿ ಕೆಲಸ ಮಾಡುವ ಒಂದು ಮದ್ದು ಇತ್ತು. ಯಾರು ಮೊದಲು ಕಂಡುಹಿಡಿದರು, ಯಾವ ಊರಿನವರು, ಗಂಡಸೋ ಹೆಂಗಸೋ ಯಾವುದೂ ದಾಖಲಾಗಲಿಲ್ಲ.

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿರುತ್ತದೆ: ನಮ್ಮ ಋಷಿಗಳಿಗೆ ಐದು ಸಾವಿರ ವರ್ಷದ ಹಿಂದೆಯೇ ಬಿಪಿಗೆ ಮದ್ದು ಗೊತ್ತಿತ್ತು ಎಂದು. ಇದು ಪೂರ್ತಿ ಸರಿಯಲ್ಲ. ಬಿಪಿ ಎಂಬುದನ್ನು ಅಳೆಯದೆ ತಿಳಿಯುವುದು ಹೇಗೆ? ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು ಇಟಲಿಯ ರಿವಾ ರೊಚ್ಚಿ ಎಂಬ ವೈದ್ಯರು ಮಾಡಿದ್ದು 1896ರಲ್ಲಿ. ಕೇಳುಗೊಳವೆ ಇಟ್ಟು ಮೇಲಿನ ಅಂಕಿ, ಕೆಳಗಿನ ಅಂಕಿ ಗುರುತಿಸುವ ವಿಧಾನ ರಷ್ಯಾದ ಕೊರೊಟ್ಕೊವ್ ಅವರಿಂದ 1905ರಲ್ಲಿ ಬಂತು. ನಮ್ಮವರಿಗೆ ಗೊತ್ತಿದ್ದದ್ದು ಬೇರು ತಿಂದವರು ಶಾಂತವಾಗುತ್ತಾರೆ, ಮಲಗುತ್ತಾರೆ ಎಂಬುದು. ಅದೇನೂ ಸಣ್ಣ ತಿಳಿವಳಿಕೆಯಲ್ಲ. ಬಿಪಿಯ ಸಂಗತಿ ಗೊತ್ತಾಗಲು ಬೇರು ಮತ್ತು ಪಟ್ಟಿ ಎರಡೂ ಒಂದೇ ಕೋಣೆಯಲ್ಲಿ ಸೇರಬೇಕಿತ್ತು.

ಅವು ಸೇರಿದ್ದು ಕಲ್ಕತ್ತಾದಲ್ಲಿ.

1931

ಆ ವರ್ಷ ಕಲ್ಕತ್ತಾದ ಇಬ್ಬರು ವೈದ್ಯರು, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಒಂದು ಲೇಖನ ಪ್ರಕಟಿಸಿದರು. ಹುಚ್ಚಿಗೂ ಹೆಚ್ಚಿದ ರಕ್ತದೊತ್ತಡಕ್ಕೂ ಇದೊಂದು ಹೊಸ ಭಾರತೀಯ ಔಷಧಿ ಎನ್ನುವುದು ಅದರ ಸಾರಾಂಶ. ಗಣನಾಥ ಸೇನ್ ಅವರು ಆಯುರ್ವೇದ ಓದಿದವರು, ಡಾಕ್ಟರಿಕೆಯನ್ನೂ ಓದಿದವರು. ಎರಡೂ ಕಡೆಯ ಭಾಷೆ ಬಲ್ಲವರ ಕಣ್ಣಿಗೇ ಇದು ಬಿದ್ದದ್ದು ಆಕಸ್ಮಿಕವಲ್ಲ ಎಂದು ನನಗನ್ನಿಸುತ್ತದೆ.

ಅದೇ 1931ರಲ್ಲಿ ದೆಹಲಿಯಲ್ಲೂ ಒಂದು ಕೆಲಸ ನಡೆಯಿತು. ದೆಹಲಿಯಲ್ಲಿ ಹಕೀಮ್ ಅಜ್ಮಲ್ ಖಾನ್ ಎಂಬ ಹೆಸರಾಂತ ಯುನಾನಿ ವೈದ್ಯರಿದ್ದರು. ಸ್ವಾತಂತ್ರ್ಯ ಹೋರಾಟಗಾರರು, 1921ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರು. ನಾಟಿ ವೈದ್ಯ ಪದ್ಧತಿಗಳನ್ನು ಬ್ರಿಟಿಷ್ ಸರ್ಕಾರ ಮೂಲೆಗೆ ತಳ್ಳಲು ನೋಡಿದಾಗ ವೈದ್ಯರನ್ನೂ ಹಕೀಮರನ್ನೂ ಒಟ್ಟಿಗೆ ಸೇರಿಸಿ ಎದುರು ನಿಂತವರು. ಅವರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಉದ್ಘಾಟಿಸಿದ್ದು ಗಾಂಧೀಜಿ. ಹಳೆಯ ಮದ್ದುಗಳನ್ನು ಹೊಸ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕು ಎಂಬುದು ಅಜ್ಮಲ್ ಖಾನ್ ಅವರ ಹಟ. ಅದಕ್ಕಾಗಿ ಜರ್ಮನಿಯಲ್ಲಿ ಓದಿದ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ಯುವಕನನ್ನು ಆರಿಸಿಕೊಂಡರು. 1927ರ ಕೊನೆಗೆ ಹಕೀಮರು ತೀರಿಕೊಂಡರು. ಸಿದ್ದೀಕಿ ಕೆಲಸ ಬಿಡಲಿಲ್ಲ.

ಸಿದ್ದೀಕಿ ಮತ್ತು ಅವರ ಜೊತೆಗಾರರು ಸರ್ಪಗಂಧಿ ಬೇರಿನಿಂದ ಐದು ಬಗೆಯ ಹರಳುಗಳನ್ನು ಬೇರ್ಪಡಿಸಿದರು. ಗುರುವಿನ ನೆನಪಿಗೆ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಆ ಅಜ್ಮಲೀನ್ ಇವತ್ತಿಗೂ ಬಳಕೆಯಲ್ಲಿದೆ. ಹೃದಯದ ಬಡಿತ ದಾರಿ ತಪ್ಪಿ ಗಟ್ಟಿಮುಟ್ಟಾಗಿರುವವರೂ ಏಕಾಏಕಿ ಸಾಯುವ ಬ್ರುಗಾಡ ಎಂಬ ಕಾಯಿಲೆ ಇದೆ. ಅದು ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ದೊಡ್ಡ ಆಸ್ಪತ್ರೆಗಳಲ್ಲಿ ಅಜ್ಮಲೀನ್ ಕೊಟ್ಟು ಇಸಿಜಿ ನೋಡುತ್ತಾರೆ. ದೇಶ ಭಾಗವಾದ ಮೇಲೆ ಸಿದ್ದೀಕಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ದೊಡ್ಡ ವಿಜ್ಞಾನಿಯಾದರು.

ಆಮೇಲೆ ಕಲ್ಕತ್ತಾದ ಉಷ್ಣವಲಯ ವೈದ್ಯ ಸಂಸ್ಥೆಯಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ತಂಡ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಬಿಪಿ ಇಳಿಯುವುದನ್ನು ಖಚಿತಪಡಿಸಿತು. ಇದೇ ಹೊತ್ತಿಗೆ, 1934ರಲ್ಲಿ, ಡೆಹ್ರಾಡೂನಿನ ಹಿಮಾಲಯ ಡ್ರಗ್ ಕಂಪನಿ ಸರ್ಪಿನಾ ಎಂಬ ಮಾತ್ರೆ ತಂದಿತು. ಬರ್ಮಾದ ಕಾಡಿನಲ್ಲಿ ಮಾವುತರು ಕೆರಳಿದ ಆನೆಗೆ ಈ ಬೇರು ತಿನ್ನಿಸಿ ಸಮಾಧಾನ ಮಾಡುವುದನ್ನು ಕಂಪನಿ ಸ್ಥಾಪಿಸಿದ ಮೊಹಮ್ಮದ್ ಮನಾಲ್ ನೋಡಿದ್ದರು, ಅಲ್ಲಿಂದ ಯೋಚನೆ ಹುಟ್ಟಿತು ಎಂದು ಕಂಪನಿಯೇ ಹೇಳಿಕೊಳ್ಳುತ್ತದೆ. ಕಂಪನಿಗಳು ತಮ್ಮ ಹುಟ್ಟಿನ ಕತೆಯನ್ನು ಚಂದ ಮಾಡಿಯೇ ಹೇಳುತ್ತವೆ, ಆ ಲೆಕ್ಕದಲ್ಲೇ ಓದಿಕೊಳ್ಳಿ. ಆ ಕಂಪನಿ ಈಗ ಇರುವುದು ನಮ್ಮ ಬೆಂಗಳೂರಿನಲ್ಲೇ, ತುಮಕೂರು ರಸ್ತೆಯ ಮಾಕಳಿಯಲ್ಲಿ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರು ಬೋರ್ಡು ನೋಡಿರುತ್ತೀರಿ.

ಮುಂಬೈಯಿಂದ ಬಾಸ್ಟನ್‌ಗೆ

ಇಷ್ಟೆಲ್ಲ ಆದರೂ ಹೊರದೇಶದವರು ತಿರುಗಿ ನೋಡಲಿಲ್ಲ. ಭಾರತದ ಪತ್ರಿಕೆಗಳಲ್ಲಿ ಬಂದದ್ದನ್ನು ಅಲ್ಲಿ ಓದುವವರು ಯಾರು? ತಿರುಗಿ ನೋಡುವಂತೆ ಮಾಡಿದವರು ಮುಂಬೈಯ ಕೆಇಎಂ ಆಸ್ಪತ್ರೆಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್. ಪಾರ್ಸಿ ಮನೆತನದವರು, ಲಂಡನ್‌ನಲ್ಲಿ ಓದಿದವರು. ಅವರು ಬಿಪಿ ಹೆಚ್ಚಿದ್ದ 50 ಜನರಿಗೆ ಸರ್ಪಗಂಧಿ ಮಾತ್ರೆ ಕೊಟ್ಟು, ಕೊಡುವ ಮೊದಲು ಎಷ್ಟಿತ್ತು, ಕೊಟ್ಟ ಮೇಲೆ ಎಷ್ಟಾಯಿತು ಎಂದು ಬರೆದಿಟ್ಟರು. ಬಹುಪಾಲು ಜನರಿಗೆ ಬಿಪಿ ಇಳಿದಿತ್ತು. 1949ರಲ್ಲಿ ಆ ಲೆಕ್ಕವನ್ನು ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಡೀ ಕತೆ ತಿರುವು ಪಡೆದದ್ದು ಅಲ್ಲಿ. ಹೊಸ ಬೇರು ಬರಲಿಲ್ಲ, ಹೊಸ ಗುಣ ಕಾಣಲಿಲ್ಲ. ರೋಗಿಗಳನ್ನು ಲೆಕ್ಕ ಹಿಡಿದು ನೋಡಿ, ಜಗತ್ತು ಓದುವ ಜಾಗದಲ್ಲಿ ಬರೆದರು, ಅಷ್ಟೇ.

ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ವಿಲ್ಕಿನ್ಸ್ ಎಂಬ ವೈದ್ಯರು ಅದನ್ನು ಓದಿ ಭಾರತದಿಂದ ಮಾತ್ರೆ ತರಿಸಿಕೊಂಡರು. ತಮ್ಮ ರೋಗಿಗಳಿಗೆ ಕೊಟ್ಟು ನೋಡಿದರು. ಬಿಪಿ ಇಳಿಯಿತು. ಜೊತೆಗೆ ಇನ್ನೊಂದು ವಿಷಯ ಗಮನಿಸಿದರು: ರೋಗಿಗಳ ಆತಂಕ ಕಡಿಮೆಯಾಗಿ ಹಾಯಾಗಿದ್ದರು. ಬಿಹಾರದ ಸಂತೆಯವರು ಹೇಳುತ್ತಿದ್ದದ್ದೂ ಅದನ್ನೇ.

ಇತ್ತ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೀಬಾ ಎಂಬ ಔಷಧ ಕಂಪನಿ ಬೇರಿನ ಹಿಂದೆ ಬಿದ್ದಿತ್ತು. ಸಿದ್ದೀಕಿ ತೆಗೆದ ಹರಳುಗಳಲ್ಲಿ ನಿದ್ದೆ ತರಿಸುವ ಗುಣ ಅಷ್ಟಾಗಿ ಕಂಡಿರಲಿಲ್ಲ. ಹರಳು ತೆಗೆದ ಮೇಲೆ ಉಳಿಯುವ ಅಂಟಿನಂಥ ಭಾಗದಲ್ಲಿ ಆ ಗುಣ ಇದೆ ಎಂದು 1940ರ ದಶಕದಲ್ಲಿ ಭಾರತದ ಸಂಶೋಧಕರೇ ತೋರಿಸಿದ್ದರು. ಸೀಬಾದ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಎಂಬ ಮೂವರು ಆ ಅಂಟನ್ನೇ ಜಾಲಾಡಿ 1952ರಲ್ಲಿ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದರು. ಅದೇ ರೆಸರ್ಪಿನ್. ಸರ್ಪಾಸಿಲ್ ಎಂಬ ಹೆಸರಿನಲ್ಲಿ ಮಾತ್ರೆ ಪೇಟೆಗೆ ಬಂತು. ಹೆಸರಿನಲ್ಲಿ ಸರ್ಪ ಮಾತ್ರ ಉಳಿದುಕೊಂಡಿತು.

ಈಗ ಬೇರಿಗೂ ಮಾತ್ರೆಗೂ ಇರುವ ವ್ಯತ್ಯಾಸ ನೋಡಿ. ಒಂದು ಕಿಲೋ ಒಣಬೇರಿನಲ್ಲಿ ರೆಸರ್ಪಿನ್ ಇರುವುದು ಸುಮಾರು 1 ಗ್ರಾಂ. ಒಂದು ಮಾತ್ರೆಯಲ್ಲಿ ಕಾಲು ಮಿಲಿಗ್ರಾಂ ಎಂದಿಟ್ಟುಕೊಂಡರೆ 4000 ಮಾತ್ರೆ. ಪುಡಿಯಲ್ಲಾದರೆ ಈ ಚಿಟಿಕೆಗೂ ಆ ಚಿಟಿಕೆಗೂ ವ್ಯತ್ಯಾಸ ಇರುತ್ತದೆ. ಯಾವ ಕಾಡಿನ ಬೇರು, ಎಷ್ಟು ವರ್ಷದ ಗಿಡ, ಯಾವ ತಿಂಗಳು ಕಿತ್ತದ್ದು ಎಂಬುದರ ಮೇಲೆ ಬಲ ಬದಲಾಗುತ್ತದೆ. ಮಾತ್ರೆಯಲ್ಲಿ ಪ್ರತಿದಿನ ಒಂದೇ ಅಳತೆ. ಬೇರಿನ ಗುಣ ಹಳ್ಳಿಯವರದು, ಅಳತೆ ಪ್ರಯೋಗಾಲಯದ್ದು. ಎರಡರಲ್ಲಿ ಯಾವುದು ದೊಡ್ಡದು ಎಂದು ಜಗಳ ಆಡುವವರನ್ನು ಕಂಡರೆ ನನಗೆ ಬೇಸರ.

ಮೊಲಗಳು ಎದ್ದು ಓಡಾಡಿದವು

ಮುಂದಿನ ಕೆಲವು ವರ್ಷ ಈ ವಸ್ತು ಮಾಡಿದ ಕೆಲಸ ಅಷ್ಟಿಷ್ಟಲ್ಲ. ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಎಂಬ ವೈದ್ಯರು ರೋಗಿಗಳಿಗೆ ಇದನ್ನು ಕೊಟ್ಟು ನೋಡಿ 1954ರಲ್ಲಿ ಬರೆದರು. ಅದೇ ಕಾಲಕ್ಕೆ ಫ್ರಾನ್ಸಿನಿಂದ ಕ್ಲೋರ್‌ಪ್ರೊಮಜೀನ್ ಎಂಬ ಮಾತ್ರೆಯೂ ಬಂದಿತ್ತು. ಈ ಎರಡೂ ಸೇರಿ, ಮಾನಸಿಕ ಕಾಯಿಲೆಗೆ ಮಾತ್ರೆಯಿಂದ ಚಿಕಿತ್ಸೆ ಸಾಧ್ಯ ಎಂಬ ನಂಬಿಕೆ ಹುಟ್ಟಿಸಿದವು. 1957ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಗೌರವವಾದ ಲಾಸ್ಕರ್ ಪ್ರಶಸ್ತಿ ವಕೀಲ್ ಅವರಿಗೂ ಬಂತು, ಕ್ಲೈನ್ ಅವರಿಗೂ ಬಂತು.

ನನಗೆ ತುಂಬ ಇಷ್ಟವಾದ ಸಂಗತಿ ಸ್ವೀಡನ್‌ನದು. ಅರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು, ಅಲ್ಲಾಡದೆ ಬಿದ್ದುಕೊಂಡವು. ಆಮೇಲೆ ಎಲ್-ಡೋಪಾ ಎಂಬ ಇನ್ನೊಂದು ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿಗೆಲ್ಲ ಕಿವಿ ನಿಮಿರಿಸಿ ಎದ್ದು ಓಡಾಡಿದವು. 1957ರ ಈ ಪ್ರಯೋಗದ ಎಳೆ ಹಿಡಿದು ಹೋದವರಿಗೆ ಮಿದುಳಿನಲ್ಲಿ ಡೋಪಮೀನ್ ಎಂಬ ವಸ್ತುವಿನ ಕೆಲಸ ಏನೆಂದು ತಿಳಿಯಿತು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಚಿಕಿತ್ಸೆ ಸಿಕ್ಕಿದ್ದು ಈ ದಾರಿಯಲ್ಲಿ. ಕಾರ್ಲ್‌ಸನ್ ಅವರಿಗೆ 2000ನೇ ಇಸವಿಯಲ್ಲಿ ನೊಬೆಲ್ ಬಂತು. ಅಂದ ಹಾಗೆ, ಆ ಎಲ್-ಡೋಪಾ ನಮ್ಮ ನಸುಗುನ್ನಿ ಬೀಜದಲ್ಲಿ ಧಾರಾಳವಾಗಿದೆ. ಮೈಗೆ ತಾಗಿದರೆ ತುರಿಸಿ ಸಾಯಿಸುವ ಅದೇ ನಸುಗುನ್ನಿ.

ಇನ್ನು ಬಿಪಿಯ ವಿಷಯ. ಬಿಪಿ ಇಳಿಸಿದರೆ ನಿಜವಾಗಿ ಜೀವ ಉಳಿಯುತ್ತದೆಯೇ ಎಂಬ ಬಗ್ಗೆಯೇ ಆಗ ಡಾಕ್ಟರುಗಳಲ್ಲಿ ಅನುಮಾನವಿತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬಿಪಿ ತುಂಬ ಹೆಚ್ಚಿದ್ದ 143 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೆಸರ್ಪಿನ್ ಸೇರಿದಂತೆ ಮೂರು ಔಷಧಿ, ಇನ್ನೊಂದಕ್ಕೆ ಔಷಧಿಯಿಲ್ಲದ ಸಪ್ಪೆ ಮಾತ್ರೆ. 1967ರಲ್ಲಿ ಫಲಿತಾಂಶ ಬಂತು. ಸಪ್ಪೆ ಮಾತ್ರೆಯವರಲ್ಲಿ 27 ಜನರಿಗೆ ಲಕ್ವ, ಹೃದಯದ ತೊಂದರೆಯಂಥ ಗಂಭೀರ ಕಾಯಿಲೆ ಬಂದಿತ್ತು. ಔಷಧಿಯವರಲ್ಲಿ ಬರೀ 2. ಇವತ್ತು ನಿಮ್ಮೂರಿನ ಆಶಾ ಕಾರ್ಯಕರ್ತೆ ಮಾತ್ರೆ ತಪ್ಪಿಸಬೇಡಿ ಎಂದು ಬಾಗಿಲಿಗೆ ಬಂದು ಹೇಳುತ್ತಾರಲ್ಲ, ಆ ಮಾತಿನ ಬುಡದಲ್ಲಿರುವ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೊಂದು. ಅದರಲ್ಲೂ ಈ ಬೇರಿನ ಪಾಲಿದೆ.

ಬೇರು ಕಿತ್ತರೆ ಗಿಡ ಉಳಿಯುವುದಿಲ್ಲ

ಜಗತ್ತು ಹೀಗೆ ಹಬ್ಬ ಮಾಡುತ್ತಿದ್ದಾಗ ನಮ್ಮ ಕಾಡಿನಲ್ಲಿ ಏನಾಗುತ್ತಿತ್ತು?

ಎಲೆ ಬೇಕಾದ ಗಿಡವಾದರೆ ಕೊಯ್ದಷ್ಟೂ ಚಿಗುರುತ್ತದೆ. ಹಣ್ಣು ಬೇಕಾದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಸರ್ಪಗಂಧಿಯಲ್ಲಿ ಬೇಕಾದದ್ದು ಬೇರು, ಅದರಲ್ಲೂ ಬೇರಿನ ತೊಗಟೆ. ಕಿತ್ತರೆ ಗಿಡದ ಕತೆ ಮುಗಿಯಿತು. ಬೇರು ದಪ್ಪವಾಗಿ ಕೀಳುವ ಹದಕ್ಕೆ ಬರಲು ಒಂದೂವರೆಯಿಂದ ಮೂರು ವರ್ಷ ಬೇಕು. ಬೀಜ ಹಾಕಿದರೆ ಅರ್ಧಕ್ಕರ್ಧವೂ ಮೊಳೆಯುವುದು ಕಷ್ಟ. ಅದಕ್ಕೇ ಬೇಸಾಯ ಮಾಡುವವರು ಬೇರಿನ ತುಂಡು, ಕಾಂಡದ ತುಂಡು ನೆಡುತ್ತಾರೆ. 1950ರ ದಶಕದಲ್ಲಿ ಯುರೋಪು, ಅಮೆರಿಕದಿಂದ ಬೇಡಿಕೆ ಬಂದಾಗ ನೆಟ್ಟು ಬೆಳೆಸುವಷ್ಟು ತಾಳ್ಮೆ ಯಾರಿಗಿತ್ತು? ಕಾಡಿಗೆ ನುಗ್ಗಿ ಕಿತ್ತರು. ಹಿಮಾಲಯದ ತಪ್ಪಲಿನಿಂದ ಪಶ್ಚಿಮ ಘಟ್ಟದವರೆಗೆ ಗಿಡ ವಿರಳವಾಯಿತು. ಬೇರು ಹೊರದೇಶಕ್ಕೆ ಹೋಗದಂತೆ ಸರ್ಕಾರ ಆ ದಶಕದಲ್ಲೇ ಕಡಿವಾಣ ಹಾಕಬೇಕಾಯಿತು.

ಅಮೆರಿಕದ ಹಾರ್ವರ್ಡ್‌ನಲ್ಲಿ ರಾಬರ್ಟ್ ವುಡ್‌ವರ್ಡ್ 1956ರಲ್ಲಿ ಗಿಡದ ಹಂಗಿಲ್ಲದೆ ರೆಸರ್ಪಿನ್ ತಯಾರಿಸಿ ತೋರಿಸಿದರು. ರಸಾಯನಶಾಸ್ತ್ರದವರು ಇವತ್ತಿಗೂ ಮೆಚ್ಚಿ ಪಾಠ ಹೇಳುವ ಕೆಲಸ ಅದು. ಆದರೆ ಖರ್ಚು ಗಿಟ್ಟಲಿಲ್ಲ, ಬೇರಿನಿಂದ ತೆಗೆಯುವುದೇ ಅಗ್ಗವಾಗಿತ್ತು. ಕಂಪನಿಗಳು ಆಫ್ರಿಕದ ಕಡೆ ತಿರುಗಿದವು. ಅಲ್ಲಿ ಇದೇ ಕುಲದ ಇನ್ನೊಂದು ದೊಡ್ಡ ಗಿಡವಿದೆ, ಅದರ ಬೇರಿನಲ್ಲಿ ರೆಸರ್ಪಿನ್ ಇನ್ನೂ ಹೆಚ್ಚು. ನಮ್ಮ ಕಾಡಿನ ಭಾರ ಆ ಕಾಡಿನ ಮೇಲೆ ಬಿತ್ತು.

ಕಾಡಿಗೆ ಹೋಗಿ ಬೇರು ಕಿತ್ತವರಿಗೆ ಸಿಕ್ಕಿದ್ದು ದಿನಗೂಲಿ. ಕಿಲೋ ಬೇರಿನಿಂದ 4000 ಮಾತ್ರೆ ಆಗುತ್ತದೆ ಎಂಬ ಲೆಕ್ಕ ಅವರಿಗೆ ಹೇಳಿದವರಿಲ್ಲ.

1990ರಲ್ಲಿ ಸರ್ಪಗಂಧಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಕಾಡಿನಿಂದ ಕಿತ್ತ ಬೇರನ್ನು ಭಾರತದಿಂದ ರಫ್ತು ಮಾಡುವಂತಿಲ್ಲ. ತೋಟದಲ್ಲಿ ಬೆಳೆದದ್ದಾದರೆ ದಾಖಲೆ ತೋರಿಸಬೇಕು. 1990ರ ದಶಕದಲ್ಲಿ ನಮ್ಮ ಅರಣ್ಯ ಇಲಾಖೆ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆ ಸೇರಿ ಔಷಧಿ ಸಸ್ಯಗಳಿಗೆಂದೇ ಕಾಡಿನ ತುಣುಕುಗಳನ್ನು ಗುರುತಿಸಿ ಮೀಸಲಿಟ್ಟಿತು. ಆಗುಂಬೆ, ತಲಕಾವೇರಿ, ಸುಬ್ರಹ್ಮಣ್ಯ, ದೇವಿಮನೆ ಘಟ್ಟ, ಸಾವನದುರ್ಗ, ದೇವರಾಯನದುರ್ಗ ಅವುಗಳಲ್ಲಿ ಕೆಲವು.

ಮಾತ್ರೆಯ ಇನ್ನೊಂದು ಮುಖ

ರೆಸರ್ಪಿನ್ ಬರೀ ಒಳ್ಳೆಯದನ್ನೇ ಮಾಡಲಿಲ್ಲ. ಹೆಚ್ಚು ಪ್ರಮಾಣದಲ್ಲಿ ತಿಂದವರಲ್ಲಿ ಕೆಲವರು ಮಂಕಾದರು, ಬದುಕೇ ಬೇಡ ಎನ್ನುವ ಖಿನ್ನತೆಗೆ ಜಾರಿದರು. ಮೂಗು ಕಟ್ಟುವುದು, ಹೊಟ್ಟೆ ಹುಣ್ಣು, ನಾಡಿ ನಿಧಾನವಾಗುವುದು, ಕೈ ನಡುಕ ಎಲ್ಲ ಕಂಡುಬಂತು. 1974ರಲ್ಲಿ ಸ್ತನ ಕ್ಯಾನ್ಸರ್ ಬರಬಹುದು ಎಂಬ ವರದಿಗಳೂ ಬಂದು ಗಾಬರಿಯಾಯಿತು. ಮುಂದಿನ ಅಧ್ಯಯನಗಳು ಅದನ್ನು ಎತ್ತಿ ಹಿಡಿಯಲಿಲ್ಲ, ಆದರೆ ಹೆಸರು ಕೆಟ್ಟಾಗಿತ್ತು. ಅಷ್ಟರಲ್ಲಿ ಹೊಸ ಬಿಪಿ ಮಾತ್ರೆಗಳು ಬಂದವು. ನಮ್ಮಲ್ಲಿ ಅಡೆಲ್ಫೇನ್ ಎಂಬ ಹೆಸರಿನಲ್ಲಿ ರೆಸರ್ಪಿನ್ ಬೆರೆತ ಮಾತ್ರೆ ಬಹಳ ಕಾಲ ಓಡಿತು. ಅರವತ್ತು ದಾಟಿದವರನ್ನು ಕೇಳಿದರೆ ಕೆಲವರಿಗೆ ಆ ಹೆಸರು ನೆನಪಿದ್ದೀತು. ಈಗ ನಮ್ಮ ಡಾಕ್ಟರುಗಳು ಅದನ್ನು ಬರೆಯುವುದು ಅಪರೂಪ. ಚೀನಾದ ಹಳ್ಳಿಗಳಲ್ಲಿ ಮಾತ್ರ, ಅಗ್ಗ ಎಂಬ ಕಾರಣಕ್ಕೆ, ಸಣ್ಣ ಪ್ರಮಾಣದ ರೆಸರ್ಪಿನ್ ಇರುವ ಮಾತ್ರೆ ಇನ್ನೂ ಬಳಕೆಯಲ್ಲಿದೆ.

ಹಾಗಾಗಿ, ಆಸ್ಪತ್ರೆ ಮಾತ್ರೆ ಬಿಟ್ಟು ಇದರ ಬೇರು ತಿನ್ನಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಹಜವಾದದ್ದು, ಅಡ್ಡಪರಿಣಾಮ ಇಲ್ಲ ಎಂಬ ಮಾತು ಈ ಬೇರಿನ ಮಟ್ಟಿಗಂತೂ ಸುಳ್ಳು. ಬಿಪಿ ಮಾತ್ರೆಯ ಜೊತೆಗೆ ಬೇರಿನ ಪುಡಿಯನ್ನೂ ಸೇರಿಸಿಕೊಂಡರೆ ಬಿಪಿ ಬೇಕಾದ್ದಕ್ಕಿಂತ ಕೆಳಗಿಳಿದು ತಲೆಸುತ್ತಿ ಬೀಳಬಹುದು. ಖಿನ್ನತೆ ಇರುವವರು, ಹೊಟ್ಟೆ ಹುಣ್ಣು ಇರುವವರು, ಬಸುರಿಯರು ಇದರ ಹತ್ತಿರವೂ ಹೋಗಬಾರದು. ಆಯುರ್ವೇದ ವೈದ್ಯರು ಕೊಟ್ಟರೂ ನೀವು ಬೇರೆ ಯಾವ ಮಾತ್ರೆ ತಿನ್ನುತ್ತಿದ್ದೀರಿ ಎಂದು ಅವರಿಗೆ ಹೇಳಿ.

ನಿಮ್ಮ ಪಂಚಾಯಿತಿಯಲ್ಲಿ ಒಂದು ಪುಸ್ತಕ ಇರಬೇಕು

2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಬೀಜ, ಪ್ರಾಣಿ, ಅವುಗಳ ಬಳಕೆ ಎಲ್ಲವನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಹೊರಗಿನ ಕಂಪನಿ ಬಂದು ಇಲ್ಲಿನ ಗಿಡವನ್ನೋ ತಿಳಿವಳಿಕೆಯನ್ನೋ ಬಳಸಿ ಲಾಭ ಮಾಡಿದರೆ ಅದರಲ್ಲಿ ಒಂದು ಪಾಲು ಊರಿಗೆ ಬರಬೇಕು ಎಂಬುದು ಕಾಯ್ದೆಯ ಆಶಯ. 2023ರ ತಿದ್ದುಪಡಿಯಲ್ಲಿ, ಗ್ರಂಥಗಳಲ್ಲಿ ಈಗಾಗಲೇ ಬರೆದಿರುವ ಪಾರಂಪರಿಕ ಜ್ಞಾನ ಬಳಸುವವರಿಗೆ ಈ ಪಾಲು ಕೊಡುವುದರಿಂದ ವಿನಾಯಿತಿ ಸಿಕ್ಕಿದೆ. ಗ್ರಂಥದಲ್ಲಿ ಇಲ್ಲದ, ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯನ್ನು ಬರೆದಿಡುವ ಕೆಲಸಕ್ಕೆ ಇದರಿಂದ ಬೆಲೆ ಇನ್ನೂ ಹೆಚ್ಚಿದೆ ಎಂದೇ ನನ್ನ ಅಭಿಪ್ರಾಯ. ಪಾಗಲ್ ಕಿ ದವಾ ಎಂಬ ಬಳಕೆ ಅಂಥದ್ದೇ ಆಗಿತ್ತು.

ಎಷ್ಟೋ ಕಡೆ ಈ ಪುಸ್ತಕವನ್ನು ಲೆಕ್ಕ ಒಪ್ಪಿಸಲೆಂದು ಎಲ್ಲೋ ಕೂತು ತುಂಬಿಸಿದ್ದಾರೆ, ಪಕ್ಕದ ಪಂಚಾಯಿತಿಯದನ್ನೇ ನಕಲು ಮಾಡಿದ್ದೂ ಇದೆ. ನಿಮ್ಮ ಪಂಚಾಯಿತಿಗೆ ಹೋದಾಗ ಪಿಡಿಒ ಅವರನ್ನು ಕೇಳಿ, ಪುಸ್ತಕ ತೋರಿಸಿ ಎನ್ನಿ. ಅದರ ನಮೂನೆಯಲ್ಲಿ ಗಿಡಗಳ ಪಟ್ಟಿ ಮಾತ್ರ ಇರುವುದಿಲ್ಲ. ಊರಿನಲ್ಲಿ ಮದ್ದು ಕೊಡುವ ವೈದ್ಯರು, ಹಕೀಮರು, ದನಕರುಗಳಿಗೆ ನಾಟಿ ಔಷಧಿ ಮಾಡುವವರು ಯಾರ್ಯಾರು ಎಂದು ಹೆಸರು ಹೆಸರಾಗಿ ಬರೆಯಲು ಒಂದು ಪ್ರತ್ಯೇಕ ಹಾಳೆ ಇದೆ. ಹೆಸರು, ವಯಸ್ಸು, ವಿಳಾಸ, ಯಾವುದರಲ್ಲಿ ಪರಿಣತಿ, ಗಿಡ ಎಲ್ಲಿಂದ ತರುತ್ತಾರೆ ಎಂದು ಕಾಲಂಗಳಿವೆ. ನಿಮ್ಮೂರಿನ ಪುಸ್ತಕದಲ್ಲಿ ಆ ಹಾಳೆ ಖಾಲಿ ಇದ್ದರೆ ಯಾರ ಹೆಸರು ಬರೆಸಬೇಕೆಂದು ನಿಮಗೇ ಗೊತ್ತಿರುತ್ತದೆ.